ಮಾದಮ್ಮನ ಮಸೆಗಲ್ಲು

ಮೊನ್ನೆ ಸೇಲಂನ ನಮ್ಮ ಮನೆಯಲ್ಲಿ ಕುಂಬಳಕಾಯಿ ಹೆಚ್ಚಲು ಕೂತರೆ ಚಾಕು ಸಿಪ್ಪೆಯ ಮೇಲೆ ಜಾರಿತು. ಮೊಂಡಾಗಿತ್ತು. "ಬಿಸಾಕಮ್ಮ ಅದನ್ನ, ಆನ್‌ಲೈನಲ್ಲಿ ಹೊಸದು ಹಾಕ್ತೀನಿ, ನಾಳೆನೇ ವಂದುಡುಂ," ಎಂದಳು ಮಗಳು. ಅವಳ ಕನ್ನಡವೇ ಹಾಗೆ, ಅರ್ಧ ದಾರಿಯಲ್ಲಿ ತಮಿಳಿನ ಬಸ್ಸು ಹತ್ತಿಬಿಡುತ್ತದೆ. ನಾನು ಕೇಳಿಸದವಳ ಹಾಗೆ ಎದ್ದು, ಹಿತ್ತಲ ಬಾಗಿಲ ಮೂಲೆಯಲ್ಲಿದ್ದ ಅಂಗೈ ಅಗಲದ ಕರಿಕಲ್ಲು ತಂದು, ನೀರು ಚಿಮುಕಿಸಿ, ಚಾಕುವನ್ನು ಓರೆಯಾಗಿ ಮಲಗಿಸಿ ಮಸೆಯತೊಡಗಿದೆ. ನೆನೆದ ಕಲ್ಲು, ಅದರ ಮೇಲೆ ಸವೆಯುವ ಕಬ್ಬಿಣ ಎರಡೂ ಸೇರಿದರೆ ಒಂದು ವಾಸನೆ ಬರುತ್ತದೆ. ಮಸೆದವರಿಗೆ ಗೊತ್ತು. ಅದು ಮೂಗಿಗೆ ತಾಕಿದ್ದೇ ತಡ, ಕುಂಬಳಕಾಯಿ ಮರೆತುಹೋಯಿತು, ಮಾರಂಡಹಳ್ಳಿ ಕಡೆಯ ಆ ರಾಗಿ ಕೊಯ್ಲು ಎದುರಿಗೆ ಬಂದು ನಿಂತಿತು.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಾನು ಸರ್ಕಾರಿ ನರ್ಸು. ಹುಟ್ಟಿದ್ದು, ಓದಿದ್ದು ಎಲ್ಲ ಸೇಲಂ ಟೌನಿನಲ್ಲಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಧರ್ಮಪುರಿ ಕಡೆಯ ಮಾರಂಡಹಳ್ಳಿಯಿಂದ ಒಳಗೆ ಕನ್ನಡದವರೇ ಇರುವ ಒಂದು ಹಳ್ಳಿಗೆ ನನ್ನನ್ನು ಹಾಕಿದರು. ಮನೆಯವರು, ಮಗಳು ಸೇಲಂನಲ್ಲೇ ಉಳಿದರು, ನಾನು ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. "ಒಂಟಿಯಾಗಿ ಹೆಂಗಿರ್ತೀಯೆ?" ಎಂದು ನಮ್ಮಮ್ಮ ಕಣ್ಣೀರು ಹಾಕಿದರು. ನನಗೇನು, ನಾಲ್ಕು ಜನ ಇದ್ದಲ್ಲಿ ಐದನೆಯವಳಾಗಿ ಕೂತು ಮಾತಾಡುವವಳು ನಾನು, ಎಲ್ಲಿ ಬಿಟ್ಟರೂ ಬದುಕುತ್ತೇನೆ.

ಬಾಡಿಗೆಗೆ ಸಿಕ್ಕಿದ್ದು ಮಾದಮ್ಮನ ಮನೆಯ ಮುಂದಿನ ಕೋಣೆ. ಮಾದಮ್ಮನಿಗೆ ಅರವತ್ತು ದಾಟಿತ್ತು. ಅವಳ ಗಂಡ ತಿಮ್ಮಪ್ಪ ಕುರಿ ಹೊಡೆದುಕೊಂಡು ಗೊಬ್ಬರಕ್ಕೆಂದು ಗದ್ದೆಗಳಲ್ಲಿ ಮಂದೆ ಹಾಕಲು ಕಾವೇರಿ ಕಡೆಗೆ ಹೋದರೆ ತಿಂಗಳುಗಟ್ಟಲೆ ಮನೆಯ ಕಡೆ ತಲೆ ಹಾಕುವವನಲ್ಲ. ಮನೆಯ ಹಿಂದೆಯೇ ರಾಗಿ ಹೊಲ. ಹಿತ್ತಲ ಜಗಲಿಯ ಪಕ್ಕ ನೀರಿನ ಬಾನಿ, ಬಾನಿಯ ಪಕ್ಕ ಮಸೆಗಲ್ಲು. ಅವಳ ಅತ್ತೆಯ ಕಾಲದ ಕಲ್ಲು, ನಡು ಸವೆದು ದೋಣಿಯ ಹಾಗಾಗಿತ್ತು. ಕೇರಿಯ ಚಾಕು, ಈಳಿಗೆ ಮಣೆ, ಕುಡುಗೋಲು ಎಲ್ಲ ಅಲ್ಲಿಗೇ ಬರುತ್ತಿದ್ದವು. ಮಾದಮ್ಮ ಕಾಲು ಚಾಚಿ ಕೂತು, ತಲೆ ವಾಲಿಸಿ, ಸರಕ್ ಸರಕ್ ಎಂದು ಮಸೆದುಕೊಟ್ಟರೆ ಈರುಳ್ಳಿಗೆ ಚಾಕು ಮುಟ್ಟಿಸುವಷ್ಟರಲ್ಲಿ ಹೋಳಾಗಿರುತ್ತಿತ್ತು.

ಹೋದ ಮಾರನೆಯ ದಿನವೇ ನನ್ನ ಚಾಕು ಚಾಚಿ, "ದೊಡ್ಡಮ್ಮ, ಇದನ್ನೂ ಸ್ವಲ್ಪ ಮಸೆದುಕೊಡಿ," ಎಂದೆ. ಹಾವು ಕಂಡವಳ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಅಯ್ಯಯ್ಯೋ, ಕೈಗೆ ಕೊಡ್ಬ್ಯಾಡ ಕಣವ್ವ! ನೆಲಕ್ಕಿಡು, ನಾನು ತಕ್ಕೊಂತೀನಿ. ಕಬ್ಬುಣ ಕೈಯಿಂದ ಕೈಗೋದ್ರೆ ಜಗಳ ಬತ್ತೈತೆ. ನೆನ್ನೆ ಬಂದವ್ಳು ನೀನು, ಇವತ್ತೇ ಜಗಳ ಯಾಕೆ?"

ನಮ್ಮಮ್ಮನೂ ಉಪ್ಪು, ಮೆಣಸಿನಕಾಯಿ ಕೈಗೆ ಕೊಡುವುದಿಲ್ಲ, ಆದರೆ ಈ ಊರಲ್ಲಿ ಅದು ಕಟ್ಟುನಿಟ್ಟು. ಮಸೆಗಲ್ಲಿನ ಎಡಕ್ಕೆ ಒಂದು ಚಪ್ಪಡಿ ಇತ್ತು. ತಂದವರು ಅದರ ಮೇಲೆ ಇಡಬೇಕು, ಮಾದಮ್ಮ ಎತ್ತಿಕೊಳ್ಳಬೇಕು. ಮಸೆದ ಮೇಲೆ ಅವಳು ಅಲ್ಲೇ ಇಡಬೇಕು, ಅವರು ಎತ್ತಿಕೊಳ್ಳಬೇಕು. ಗಂಡ ಹೆಂಡತಿಯಾದರೂ ಇದೇ ಕ್ರಮ. "ಗಂಡ ಎಂಡ್ತಿಗಂತೂ ಇನ್ನೂ ಜಾಸ್ತಿ ಉಸಾರು ಬೇಕು," ಎಂದು ಅವಳೇ ನಗುತ್ತಿದ್ದಳು.

ಮಾದಮ್ಮನಿಗೆ ಮಂಡಿ ನೋವು. ಬಗ್ಗಿ ರಾಗಿ ಕೊಯ್ಯಲು ಆಗುತ್ತಿರಲಿಲ್ಲ. ಅಲ್ಲಿ ಕೊಯ್ಲೆಂದರೆ ಮುಯ್ಯಾಳು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿಯ ಮಾತೇ ಇಲ್ಲ. ಕೊಯ್ಯಲಾಗದ ಮಾದಮ್ಮನ ಹೊಲಕ್ಕೆ ಯಾರು ಬರಬೇಕು? ಅದಕ್ಕೆ ಅವಳು ಕಂಡುಕೊಂಡ ದಾರಿ ಈ ಕಲ್ಲು. ಯಾರ ಹೊಲದಲ್ಲಿ ಕೊಯ್ಲು ನಡೆದರೂ ಒಂದು ಸಣ್ಣ ಕಲ್ಲು ಹಿಡಿದು ಬದುವಿನ ಮೇಲೆ ಕೂರುತ್ತಿದ್ದಳು. ರಾಗಿ ದಂಟು ಕುಡುಗೋಲಿನ ಬಾಯಿಯನ್ನು ಬೇಗ ತಿನ್ನುತ್ತದೆ. ಸಾಲು ಮುಗಿಸಿ ಬಂದವರದ್ದನ್ನೆಲ್ಲ ಮಸೆದು ಮಸೆದು ಕೊಡುವಳು. ಹೆಂಗಸರು ಅದನ್ನೂ ಒಂದು ಆಳು ಎಂದೇ ಒಪ್ಪಿಕೊಂಡಿದ್ದರು. "ನಾನು ಕುಯ್ಯಲ್ಲ, ಮಸೀತೀನಿ. ಅದ್ಕೇ ನಮ್ಮೊಲಕ್ಕೂ ಬತ್ತಾರೆ," ಎಂದು ಅವಳು ಹೇಳುವಾಗ ಕತ್ತು ಒಂದಿಷ್ಟು ಮೇಲೇಳುತ್ತಿತ್ತು. ಅವಳ ಮರ್ಯಾದೆ, ವರ್ಷದ ಮುದ್ದೆ ಎರಡೂ ಆ ಕಲ್ಲಿನ ಮೇಲೆ ನಿಂತಿದ್ದವು.

ಕಾರ್ತೀಕದಲ್ಲಿ ಮಳೆ ಹೊಳವಾಯಿತು. ಬೆಳಗಿನ ಹೊತ್ತು ಮಂಜು, ಮಧ್ಯಾಹ್ನ ಚುರುಗುಟ್ಟುವ ಬಿಸಿಲು, ಊರೆಲ್ಲ ಅವರೆಕಾಯಿಯ ಸೊಗಡು. ಮೊದಲ ಕೊಯ್ಲು ತಾಯಮ್ಮನ ಹೊಲದಲ್ಲಿ. ತಾಯಮ್ಮ ಎಂದರೆ ತಿಮ್ಮಪ್ಪನ ತಂಗಿ, ಅದೇ ಊರಿಗೆ ಕೊಟ್ಟಿದ್ದರು. ಮಾದಮ್ಮನಿಗೆ ನಾದಿನಿ. ನಾದಿನಿ ಅತ್ತಿಗೆ ಎಂದರೆ ಎಣ್ಣೆ ಸೀಗೆಕಾಯಿ ಅಂತಾರೆ, ಇವರಿಬ್ಬರು ಮಾತ್ರ ಒಂದೇ ಎಲೆ ಅಡಿಕೆಯನ್ನು ಅರ್ಧ ಮಾಡಿ ತಿನ್ನುವವರು. ಕೊಯ್ಯುವ ಸಾಲಿಗೆ ತಾಯಮ್ಮನೇ ಮುಂದಾಳು. ಅವಳು ಬಾ ಎಂದರೆ ಹೆಂಗಸರು ಬರುತ್ತಾರೆ, ಬೇಡ ಎಂದರೆ ಇಲ್ಲ.

ಕೊಯ್ಲಿನ ಕಾಲದಲ್ಲಿ ನನ್ನ ಸಬ್ ಸೆಂಟರಿಗೆ ನೊಣವೂ ಬರುತ್ತಿರಲಿಲ್ಲ. ಹಾಗಾಗಿ ಬ್ಯಾಗು ಹಿಡಿದು ನಾನೇ ಹೊಲಕ್ಕೆ ಹೋಗಿದ್ದೆ. ತಾಯಮ್ಮ ಸಾಲು ಮುಗಿಸಿ ಬಂದು, ಬಗ್ಗಿ, ಕುಡುಗೋಲನ್ನು ಅತ್ತಿಗೆಯ ಮುಂದೆ ಕೊಯ್ದುಳಿದ ಕೂಳೆಯ ಮೇಲೆ ಇಡಹೋದಳು. ಮಾದಮ್ಮ ಕೈ ಚಾಚಿ, "ಕೈಗೇ ಕೊಡು ತಾಯಿ," ಎಂದಳು.

ಸಾಲಿನವರೆಲ್ಲ ಕೊಯ್ಯುವುದು ಬಿಟ್ಟು ತಿರುಗಿ ನೋಡಿದರು. ಯಾರೋ ಒಬ್ಬಳು ಬಾಯಿಗೆ ಸೆರಗು ಹಿಡಿದಳು. ತಾಯಮ್ಮ ಮುಖ ನೋಡಿದಳು, ಅತ್ತಿಗೆ ಕೈ ಚಾಚಿಕೊಂಡೇ ಇದ್ದಾಳೆ. ಹಿರಿಯಳು ಕೇಳಿದ ಮೇಲೆ ಇಲ್ಲ ಎನ್ನುವುದು ಹೇಗೆ? ಕೊಟ್ಟಳು. ಆ ಸಂಜೆಯಿಂದ ಅತ್ತಿಗೆಯ ಮುಂದೆ ತಾಯಮ್ಮನ ಬಾಯಿಗೆ ಬೀಗ ಬಿತ್ತು. ದಿನಾ ಬರುತ್ತಿದ್ದ ಅವರೆಕಾಯಿ ಬರಲಿಲ್ಲ, ಎಲೆ ಅಡಿಕೆಗೆ ಅವಳೂ ಬರಲಿಲ್ಲ. ಮಾದಮ್ಮ ಬೇಕಂತಲೇ ಜಗಳ ಕೇಳಿ ಇಸಕೊಂಡಳು ಎಂದು ಕೇರಿಯೆಲ್ಲ ಮಾತಾಡಿತು. ಬದುವಿನ ಹುಣಸೆಮರದ ವಿಷಯಕ್ಕೆ ಎಂದು ಒಬ್ಬರು, ಕುರಿ ಮೇವಿನ ವಿಷಯಕ್ಕೆ ಎಂದು ಇನ್ನೊಬ್ಬರು. ಜಗಳ ಹುಟ್ಟುವ ಮೊದಲೇ ಅದಕ್ಕೆ ನಾಮಕರಣ ಮಾಡಿ ಮುಗಿಸಿದರು.

ನನಗೆ ಮಾತ್ರ ತಲೆಯಲ್ಲಿ ಹುಳ ಬಿಟ್ಟಂತಾಯಿತು. ನನ್ನ ಕೈಯಿಂದ ಒಂದು ತರಕಾರಿ ಚಾಕು ಇಸಕೊಳ್ಳದವಳು ಇಡೀ ಸಾಲಿನ ಮುಂದೆ ಹೀಗೇಕೆ ಮಾಡಿದಳು? ಪರೀಕ್ಷೆ ಮಾಡೋಣ ಎಂದು, ಮಾರನೆಯ ಸಂಜೆ ಅವಳು ಕಲ್ಲಿನ ಮುಂದೆ ಕೂತಿದ್ದಾಗ ನನ್ನ ಚಾಕುವನ್ನು ಚಪ್ಪಡಿಯ ಮೇಲೆ ಇಡದೆ, ಬಲಗಡೆ ಬರಿ ನೆಲದ ಮೇಲೆ ಇಟ್ಟೆ. "ಇಟ್ಟಿದ್ದೀನಿ ದೊಡ್ಡಮ್ಮ." ಅವಳ ಕೈ ಚಪ್ಪಡಿಯ ಮೇಲೆ ಆಡಿತು, ಅತ್ತ ಇತ್ತ ತಡಕಿತು. "ಎಲ್ಲಿಟ್ಟೆ? ಓಗ್ಲಿ, ಕೈಗೇ ಕೊಡು," ಎಂದು ನಕ್ಕಳು. ನಾನು ಬಾನಿಯ ಪಕ್ಕ ತೊಳೆದಿಟ್ಟಿದ್ದ ಮುದ್ದೆ ಕೋಲನ್ನು ಚಪ್ಪಡಿಯ ಮೇಲೆ ಇಟ್ಟು, "ಇಲ್ಲೇ ಇದೆ ದೊಡ್ಡಮ್ಮ," ಎಂದೆ. ಅದನ್ನು ಎತ್ತಿಕೊಂಡು ಕಲ್ಲಿಗೆ ನೀರು ಚಿಮುಕಿಸಿದಳು. ಎರಡನೆಯ ಕೈಯಲ್ಲಿ ಸವರಿ ನೋಡಿದ ಮೇಲೆಯೇ ಅವಳಿಗೆ ತಿಳಿದದ್ದು. ಮುದ್ದೆ ಕೋಲನ್ನು ಮಡಿಲಲ್ಲಿ ಇಟ್ಟುಕೊಂಡಳು.

ಅವಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದೆ. ಎರಡು ಕಣ್ಣಲ್ಲೂ ಹಾಲಿನ ಕೆನೆಯಂಥ ಪೊರೆ. ನೆರಳು ಬೆಳಕು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಮನೆ ಅವಳ ಕಾಲಿಗೆ ಬಾಯಿಪಾಠ, ಕಲ್ಲು ಕಿವಿಗೆ. ಮನೆಯಲ್ಲಿ ಚಪ್ಪಡಿ ಇತ್ತು, ಹೊಲದ ಕೂಳೆಯಲ್ಲಿ ಬಿದ್ದ ಕುಡುಗೋಲನ್ನು ಎಲ್ಲಿ ಅಂತ ಹುಡುಕುತ್ತಾಳೆ? ಒಂದೇ ಮನೆಯಲ್ಲಿದ್ದ ನರ್ಸು ನಾನು, ನನಗೂ ಗೊತ್ತಾಗಿರಲಿಲ್ಲ ನೋಡಿ. ಅಷ್ಟು ಹರಿತವಾಗಿ ಮಸೆಯುವವಳ ಕಣ್ಣನ್ನು ಯಾರು ಅನುಮಾನಿಸುತ್ತಾರೆ?

"ಎಷ್ಟು ದಿನದಿಂದ ದೊಡ್ಡಮ್ಮ?"

"ಓದ್ವರ್ಸದಿಂದ ಮಬ್ಬು. ಈ ಸಲ ಪೂರ್ತಿ ಓಯ್ತು."

"ಹೇಳಬಾರದಾ?"

"ಯೋಳಿ? ಕುಲ್ಡಿ ಕೈಗೆ ಕುಡ್ಲು ಯಾರವ್ವ ಕೊಡ್ತಾರೆ? ಕಲ್ಲು ಓದ್ರೆ ಆಳೂ ಓಯ್ತು, ಒಲದಲ್ಲಿ ರಾಗಿ ನಿಂತಂಗೇ ನಿಂತಿರ್ತೈತೆ. ನೀನೂ ಯೋಳ್ಬ್ಯಾಡ ನರ್ಸಮ್ಮ. ನಮ್ಮನೆ ಉಪ್ಪಿನಾಣೆ ಮಡಗು."

"ಆಣೆಗೀಣೆ ಎಲ್ಲ ನಂಗೆ ಬೇಡ," ಎಂದೆ. ನನಗೆ ಸಿಟ್ಟು ನೆತ್ತಿಗೇರಿತ್ತು. "ಇದು ವಾಸಿಯಾಗೋ ಕಣ್ಣು ದೊಡ್ಡಮ್ಮ. ಮುಂದಿನ ವಾರ ಮಾರಂಡಹಳ್ಳಿಯಲ್ಲಿ ಕಣ್ಣಿನ ಕ್ಯಾಂಪ್ ಐತೆ. ನೋಡಿ, ಅಲ್ಲಿಂದ ಧರ್ಮಪುರಿಗೆ ಕರಕೊಂಡೋಗಿ ಆಪರೇಷನ್ ಮಾಡಿ ಕಳಿಸ್ತಾರೆ. ನೀವು ಬರ್ತೀರಿ."

"ಮುಂದಿನ್ವಾರ ನಮ್ಮೊಲದ ಕುಯ್ಲು! ಮಳೆ ಬೇರೆ ಮೋಡ ಕಟ್ತಾ ಐತೆ. ನಾನು ಕಣ್ಣಿಗೆ ಬಟ್ಟೆ ಕಟ್ಕೊಂಡು ಮನಿಕ್ಕಂಡ್ರೆ ಮಸೆಯೋರ್ಯಾರು? ನಿಮ್ಮಜ್ಜಿ ಬತ್ತಾಳಾ?"

"ನಾನು ಮಸೀತೀನಿ."

ಮಾದಮ್ಮ ನಕ್ಕ ನಗು ಎರಡು ಮನೆ ಆಚೆಗೆ ಕೇಳಿಸಿರಬೇಕು. "ಸೂಜಿ ಚುಚ್ಚೋ ಕೈಯಿ ಕುಡ್ಲು ಮಸೀತೈತಂತೆ!" ಎಂದಳು. ನಗಲಿ ಎಂದು ನಾನು ಕೂತೆ. ಆ ಸಂಜೆಯೇ ಪಾಠ ಶುರುವಾಯಿತು. ಚಾಕುವಿನ ಬೆನ್ನು ಕಲ್ಲಿನಿಂದ ಒಂದು ಅವರೆಕಾಳು ಎತ್ತರ ಏಳಬೇಕು, ಹೆಚ್ಚಲ್ಲ, ಕಮ್ಮಿಯಲ್ಲ. ನೀರು ಒಣಗಬಾರದು. ಒತ್ತಬಾರದು, ಕಬ್ಬಿಣ ತನ್ನ ಭಾರಕ್ಕೆ ತಾನೇ ಹೋಗಬೇಕು. ಒಂದು ಮಗ್ಗುಲು ಮಸೆದ ಮೇಲೆ ಇನ್ನೊಂದು ಮಗ್ಗುಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಒರಟು ಏಳುತ್ತದೆ. ಅದು ಬೆರಳಿಗೆ ಸಿಕ್ಕಿದಾಗ ತಿರುವಿಹಾಕಬೇಕು. ಎರಡೇ ದಿನದಲ್ಲಿ ನನ್ನ ಹೆಬ್ಬೆರಳು ಬಲಿಯಾಯಿತು. ನನ್ನ ಬ್ಯಾಗಿನ ಪ್ಲಾಸ್ಟರು ನನಗೇ ಖರ್ಚು. ಆದರೆ ನಾನು ಹಿಡಿದದ್ದು ಬಿಡುವವಳಲ್ಲ, ಮೂರನೆಯ ದಿನ ನನ್ನ ಚಾಕು ಮಾಗಿದ ಟೊಮ್ಯಾಟೊವನ್ನು ಒಂದು ಹನಿ ಸೋರಿಸದೆ ಸೀಳಿತು.

ಉಳಿದಿದ್ದು ತಾಯಮ್ಮ. ಅವಳು ಒಪ್ಪದೆ ಸಾಲು ಬರುವುದಿಲ್ಲ. ಅವಳಿಗೆ ಹೇಳುತ್ತೇನೆ ಎಂದರೆ ಮಾದಮ್ಮ ಬೇಡವೆಂದಳು, ಅತ್ತಳು, ಕೊನೆಗೆ ಸೋತಳು. ನಾನು ನೇರ ಹೋಗಿ ತಾಯಮ್ಮನ ಅಂಗಳದಲ್ಲಿ ನಿಂತೆ. ಅವಳು ಅವರೆಕಾಳು ಹಿಸುಕುತ್ತಿದ್ದಳು.

"ನಿಮ್ಮತ್ತಿಗೆ ಮೇಲೆ ಯಾಕಕ್ಕ ಸಿಟ್ಟು?"

"ನಂಗ್ಯಾವ ಸಿಟ್ಟೂ ಇಲ್ಲ ನರ್ಸಮ್ಮ." ಹಿಸುಕಿದ ಕಾಳನ್ನು ಮಡಿಲಿಗೆ ಹಾಕಿಕೊಂಡಳು. "ಕಬ್ಬುಣ ಕೈಗೆ ಕೊಟ್ಟುಬಿಟ್ಟೆ. ಇನ್ನು ಜಗಳ ಬಂದೇ ಬತ್ತೈತೆ. ಮಾತಾಡಿದ್ರೆ ತಾನೆ ಜಗಳ? ಅದ್ಕೇ ಮಾತೇ ಬಿಟ್ಟೆ. ಅತ್ತಿಗೆ ಜೊತೆ ಜಗಳ ಆಡಿ ನಾನು ಎಂಗವ್ವ ಬದುಕ್ಲಿ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಜಗಳ ಬರದಿರಲಿ ಎಂದು ಈ ಮಹಾತಾಯಿ ಮಾತು ಬಿಟ್ಟಿದ್ದಾಳೆ, ಊರು ಅದನ್ನೇ ಜಗಳ ಎಂದು ಡಂಗುರ ಹೊಡೆಯುತ್ತಿದೆ! ಅವಳ ಪಕ್ಕ ಕೂತು, "ಅವರು ಜಗಳ ಕೇಳಿದ್ದಲ್ಲಕ್ಕ. ಕುಡುಗೋಲು ಕಾಣಲಿಲ್ಲ, ಕೈಗೆ ಕೇಳಿದರು. ಎರಡು ಕಣ್ಣೂ ಹೋಗಿವೆ," ಎಂದೆ.

ತಾಯಮ್ಮನ ಮಡಿಲಿನ ಕಾಳೆಲ್ಲ ಚೆಲ್ಲಿಹೋಯಿತು. ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ನಾನು ಹಿಂದೆ ಹಿಂದೆ ಓಡಿ ತಲುಪುವಷ್ಟರಲ್ಲಿ ಅವಳು ಅತ್ತಿಗೆಯ ಎರಡು ಭುಜ ಹಿಡಿದು ಅಲ್ಲಾಡಿಸುತ್ತಿದ್ದಳು.

"ಕಣ್ಣು ಕಾಣಾಕಿಲ್ಲ ಅಂತ ನಂಗೊಂದು ಮಾತು ಯೋಳ್ಬಾರ್ದಾ? ನಾನೇನು ಸತ್ತೋಗಿದ್ನಾ? ಕುಲ್ಡಿಯಾಗಿ ನಮ್ಗೆಲ್ಲ ಕುಡ್ಲು ಮಸೆದು ಕೊಟ್ಟವ್ಳೆ ನೋಡು, ಮೂದೇವಿ!"

"ಅಂಗಾದ್ರೆ ಜಗಳ ಬಂತಲ್ಲ," ಎಂದಳು ಮಾದಮ್ಮ.

"ಬರ್ಲಿ! ನಿನ್ನೊಲಾನೇ ಮೊದ್ಲು ಕುಯ್ತೀವಿ. ನೀನು ಮುಚ್ಕೊಂಡು ಆಸ್ಪತ್ರೆಗೋಗು."

ಕ್ಯಾಂಪಿನಲ್ಲಿ ಒಬ್ಬ ಎಳೆಯ ಡಾಕ್ಟರು ಬೆರಳು ಹಿಡಿದು, "ಪಾಟಿ, ಇದು ಎತ್ತನೆ ವಿರಲ್?" ಎಂದು ಕೇಳಿದರು. ಎಷ್ಟು ಬೆರಳು ಅಜ್ಜಿ, ಅಂತ. ಮಾದಮ್ಮ ತಡಮಾಡಲಿಲ್ಲ. "ಎಷ್ಟಾದ್ರೂ ಇರ್ಲಿ ತಂಬಿ, ಒಂದು ಕೈಲಿ ಐದಕ್ಕಿಂತ ಜಾಸ್ತಿ ಎಲ್ಲಿಂದ ತತ್ತೀಯ?" ಡಾಕ್ಟರಿಗೆ ಕನ್ನಡ ತಿಳಿಯಲಿಲ್ಲ, ನಾನು ತಮಿಳಿನಲ್ಲಿ ಹೇಳಿದ ಮೇಲೆ ಬಿದ್ದು ಬಿದ್ದು ನಕ್ಕರು. ಧರ್ಮಪುರಿಯಲ್ಲಿ ಮೊದಲು ಬಲಗಣ್ಣಿಗೆ ಆಪರೇಷನ್ ಆಯಿತು, ಎಡಗಣ್ಣಿಗೆ ಆಮೇಲೆ ಎಂದರು. ಕಪ್ಪು ಕನ್ನಡಕ ಹಾಕಿ, ಬಗ್ಗಬಾರದು, ನೀರು ತಾಕಿಸಬಾರದು ಎಂದು ಹೇಳಿ ಕಳಿಸಿದರು. ಕನ್ನಡಕದಲ್ಲಿ ಮಾದಮ್ಮ ಎಲೆಕ್ಷನ್ನಿಗೆ ನಿಂತವರ ಹಾಗೆ ಕಾಣುತ್ತಿದ್ದಳು.

ಮಾರನೆಯ ಬೆಳಿಗ್ಗೆಯೇ ಹೆಂಗಸರು ಹಿತ್ತಲ ಹೊಲಕ್ಕೆ ಇಳಿದರು. ಆಕಾಶದ ಒಂದು ಮೂಲೆ ಕಪ್ಪಾಗಿತ್ತು. ಸುರಿದರೆ ತೆನೆ ನೆಲಕಚ್ಚಿ ಅಲ್ಲೇ ಮೊಳೆಯುತ್ತದೆ. ನಾನು ಸೀರೆ ಎತ್ತಿಕಟ್ಟಿ ಮಸೆಗಲ್ಲಿನ ಮುಂದೆ ಕೂತೆ. ಮಾದಮ್ಮ ಜಗಲಿಯ ಮೇಲೆ ಕುರ್ಚಿಯಲ್ಲಿ. ಕಣ್ಣು ಮುಚ್ಚಿಕೊಂಡೇ ಇರಿ ಎಂದು ನಾನು ಹೇಳಿದ್ದೆ, ಬಾಯಿ ಮುಚ್ಚಿಸುವುದು ಮಾತ್ರ ಯಾರಿಂದಲೂ ಆಗಲಿಲ್ಲ.

"ಒತ್ಬ್ಯಾಡ ಕಣೆ, ಕಲ್ಲು ಅಳ್ತಾ ಐತೆ! ನೀರು ಬುಡು, ನೀರು ಬುಡು! ಮೂಗಿನತ್ರ ಬುಟ್ಟುಬಿಟ್ಟೆ, ಇನ್ನೊಂದ್ಸಲ ಎಳಿ!"

ಕುಡುಗೋಲಿನ ಮೂಗೆಂದರೆ ತುದಿ. ಅಲ್ಲಿ ಬಾಗಿದ ಕಡೆ ಕೈ ತಿರುಗದೆ ನಾನು ದಾಟಿಸಿಬಿಟ್ಟಿದ್ದೆ. ಕಣ್ಣಲ್ಲಿ ನೋಡಿ ಮಸೆಯುತ್ತಿದ್ದ ನನಗೆ ಕಾಣದ್ದು ಆ ಕಿವಿಗೆ ಸಿಗುತ್ತಿತ್ತು. ಹೆಂಗಸರು ಒಬ್ಬೊಬ್ಬರೇ ಬಂದು ಚಪ್ಪಡಿಯ ಮೇಲೆ ಕುಡುಗೋಲು ಇಡುವರು, ನಾನು ಎತ್ತಿಕೊಳ್ಳುವೆ. ಮೊದಮೊದಲು "ನರ್ಸಮ್ಮನ ಮಸೆತಕ್ಕೆ ರಾಗಿ ಬ್ಯಾಡ, ಗಾಳೀನೂ ಕುಯ್ಯಾಕಿಲ್ಲ," ಎಂದು ಆಡಿಕೊಂಡರು. ಮಧ್ಯಾಹ್ನದ ಮುದ್ದೆ ಹೊತ್ತಿಗೆ ಆಡಿಕೊಳ್ಳುವುದು ನಿಂತಿತ್ತು. ತಾಯಮ್ಮ ಕುಡುಗೋಲು ಎತ್ತಿ ಹೆಬ್ಬೆರಳಲ್ಲಿ ಸವರಿ, "ಪರವಾಯಿಲ್ಲ, ಸೇಲಂನೋರ್ಗೂ ಕೈ ಐತೆ," ಎಂದು ಹೊಲಕ್ಕಿಳಿದಳು. ನನ್ನ ಇಡೀ ಸರ್ವೀಸಿನಲ್ಲಿ ಸಿಕ್ಕ ಹೊಗಳಿಕೆಗಳಲ್ಲಿ ನನಗೆ ನೆನಪಿರುವುದು ಇದೊಂದೇ. ಹೊತ್ತು ಮುಳುಗುವ ಮೊದಲು ರಾಗಿಯೆಲ್ಲ ಕೊಯ್ದು, ಮೆದೆ ಒಟ್ಟಿ, ಟಾರ್ಪಾಲು ಮುಚ್ಚಿದೆವು. ಅವತ್ತು ರಾತ್ರಿ ಮಳೆ ಧೋ ಎಂದು ಸುರಿಯಿತು. ನಾವು ಮೂವರೂ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು ಅದನ್ನು ಕೇಳಿದೆವು.

ಕನ್ನಡಕ ತೆಗೆಯಬಹುದು ಎಂದ ದಿನ ತಾಯಮ್ಮ ತನ್ನ ಕುಡುಗೋಲು ತಂದು, ಚಪ್ಪಡಿಯ ಮೇಲಲ್ಲ, ದೂರದ ಬರಿ ನೆಲದ ಮೇಲೆ ಇಟ್ಟಳು. ಮಾದಮ್ಮ ಎದ್ದು, ತಡಕದೆ, ನೆಟ್ಟಗೆ ಹೋಗಿ ಎತ್ತಿಕೊಂಡಳು. ಅಂಚನ್ನು ಬೆಳಕಿಗೆ ಹಿಡಿದು ನೋಡಿ, "ಥೂ, ಮೂಗೆಲ್ಲ ಅಂಗೇ ಬಿಟ್ಟವ್ಳೆ ಈ ನರ್ಸಮ್ಮ," ಎಂದಳು. ಆಮೇಲೆ ನನ್ನ ಕಡೆ ತಿರುಗಿ ಮೇಲಿಂದ ಕೆಳಗೆ ನೋಡಿದಳು. "ನೀನು ಇಷ್ಟು ಕುಳ್ಳೀನಾ? ಬಾಯಿ ಕೇಳಿ ಆಳುದ್ದ ಇರ್ತೀಯ ಅಂದ್ಕೊಂಡಿದ್ದೆ." ತಾಯಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದಳು. ನಾನೂ ಅಷ್ಟೆ.

ಪೊಂಗಲ್ ಕಳೆದ ಮೇಲೆ ನನಗೆ ಓಮಲೂರು ಕಡೆಗೆ ವರ್ಗವಾಯಿತು. ಮನೆಗೆ ಹತ್ತಿರ, ಎಲ್ಲರೂ ಖುಷಿಪಟ್ಟರು. ಹೊರಡುವ ಬೆಳಿಗ್ಗೆ ಸಾಮಾನೆಲ್ಲ ಆಟೋಗೆ ಹಾಕಿ ಹಿತ್ತಲಿಗೆ ಹೋದೆ. ಮಾದಮ್ಮ ಕಲ್ಲಿನ ಮುಂದೆ ಕೂತಿದ್ದಳು. ಹೊಲಕ್ಕೆ ಒಯ್ಯುತ್ತಿದ್ದ ಸಣ್ಣ ಕರಿಕಲ್ಲನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಅದನ್ನು ಕೊಟ್ಟಳು. ಆಮೇಲೆ ಲಾರಿ ಸ್ಪ್ರಿಂಗಿನ ಪಟ್ಟೆಯಿಂದ ಕಮ್ಮಾರನ ಹತ್ತಿರ ಬಡಿಸಿದ, ಆಗಷ್ಟೇ ಮಸೆದ ಒಂದು ಚಾಕು ಎತ್ತಿಕೊಂಡಳು. ನೆಲಕ್ಕಿಡುತ್ತಾಳೆ ಎಂದು ನಾನು ಕಾದೆ. ಅವಳು ಹಿಡಿಯನ್ನು ನನ್ನ ಕಡೆ ಮಾಡಿ ಕೈ ಚಾಚಿದಳು.

"ದೊಡ್ಡಮ್ಮ, ನೆಲಕ್ಕಿಡಿ."

"ಇಲ್ಲ, ಕೈಗೇ ಇಸ್ಕೋ."

"ಜಗಳ ಬರ್ತೈತೆ ಅಂತ ನೀವೇ ಹೇಳಿದ್ದಲ್ವಾ?"

"ಬರ್ಲಿ ಅಂತ್ಲೇ ಕೊಡ್ತಿರೋದು ಮಗ. ಬರೀ ಪಿರೂತಿ ಆದ್ರೆ ಓಮಲೂರಲ್ಲೇ ಕೂತು ಮರ್ತುಬಿಡ್ತೀಯ. ಜಗಳ ಇದ್ರೆ, ಆಡಾಕಾದ್ರೂ ಬತ್ತೀಯ."

ಇಸಕೊಂಡೆ. ನನ್ನ ಕಣ್ಣು ಮಂಜಾಗಿ ಹಿಡಿ ಸರಿಯಾಗಿ ಕಾಣಲಿಲ್ಲ, ತಡಕಿಯೇ ಹಿಡಿದುಕೊಂಡೆ.

ಮೊನ್ನೆ ಕುಂಬಳಕಾಯಿಯ ಮೇಲೆ ಜಾರಿದ್ದು ಅದೇ ಚಾಕು. ಮಸೆದ ಮೇಲೆ ಸಿಪ್ಪೆ ಬೆಣ್ಣೆಯ ಹಾಗೆ ಬಿಟ್ಟುಕೊಟ್ಟಿತು. "ಅಮ್ಮ, ಇಲ್ಲಿ ಕೊಡು, ಟೊಮ್ಯಾಟೊ ನಾನು ಹೆಚ್ತೀನಿ," ಎಂದು ಮಗಳು ಕೈ ಚಾಚಿದಳು. "ನೆಲಕ್ಕಿಡ್ತೀನಿ, ತಗೋ," ಎಂದೆ. ಮಾದಮ್ಮನ ಜೊತೆ ಒಂದು ಜಗಳ ಈಗಾಗಲೇ ನಡೆಯುತ್ತಿದೆ, ಇನ್ನೊಂದನ್ನು ಸಾಕಲು ನನ್ನಿಂದಾಗುವುದಿಲ್ಲ. ಸಂಜೆ ಮಾದಮ್ಮನಿಗೆ ಫೋನು ಮಾಡಿದೆ. ಅವರೆಕಾಯಿ ಬಂದಿದೆ, ಇನ್ನೂ ಬಂದಿಲ್ಲವಲ್ಲ ನೀನು ಎಂದು ಬಾಯಿಗೆ ಬಂದಂತೆ ಬೈದಳು. ಎರಡು ಕಣ್ಣೂ ಚೆನ್ನಾಗಿವೆಯಂತೆ, ಮಂಡಿ ಮಾತ್ರ ಹಾಗೇ ಇದೆಯಂತೆ. ಭಾನುವಾರ ಬೆಳಗಿನ ಬಸ್ಸಿಗೆ ಹೊರಟಿದ್ದೇನೆ. ಈ ಸಲ ಯಾವುದಕ್ಕೆ ಜಗಳ ಆಡುವುದೋ ಇನ್ನೂ ತೋಚಿಲ್ಲ. ಇರಲಿ, ಮಾರಂಡಹಳ್ಳಿ ಬರುವಷ್ಟರಲ್ಲಿ ಏನಾದರೂ ಹೊಳೆಯುತ್ತದೆ.